ತಂಬೂರಿಯ ಹೆಸರು ಮೋತಿ ಖಾನ್



ಕಳೆದ ವರ್ಷದ ಮಾತು. ಮಾರೇನಹಳ್ಳಿಯ ನಮ್ಮ ಮನೆಗೆ ಪಿಯುಸಿ ಓದುವ ಹುಡುಗನೊಬ್ಬ ಲೆಕ್ಕದಲ್ಲಿ ಏನೋ ಅನುಮಾನ ಕೇಳಲು ಬಂದಿದ್ದ. ಸಂಜೆಯ ಹೊತ್ತು. ನನ್ನ ಮೊಬೈಲಿನಲ್ಲಿ ಸಣ್ಣ ದನಿಯಲ್ಲಿ ಶಹನಾಯಿ ನುಡಿಯುತ್ತಿತ್ತು. ಹುಡುಗ ಸ್ವಲ್ಪ ಹೊತ್ತು ಕೇಳಿ, "ಚಾಚಾ, ಇದು ಮದುವೆ ಮನೆ ವಾಲಗ ಅಲ್ವಾ? ಇದೆಲ್ಲ ಅವರ ಸಂಗೀತ, ನೀವು ಯಾಕೆ ಕೇಳ್ತೀರಿ?" ಎಂದ.

ಅವನ ಮಾತಿನಲ್ಲಿ ಕೆಟ್ಟ ಭಾವನೆ ಏನೂ ಇರಲಿಲ್ಲ. ಯಾರೂ ಹೇಳಿಕೊಟ್ಟಿಲ್ಲ, ಅಷ್ಟೇ. ಶಹನಾಯಿ ನುಡಿಸುತ್ತಿದ್ದವರು ಐದು ಹೊತ್ತಿನ ನಮಾಝ್ ಬಿಡದ ಉಸ್ತಾದ್ ಬಿಸ್ಮಿಲ್ಲಾ ಖಾನ್ ಎಂದು ನಾನು ಹೇಳಿದಾಗ ಅವನು ನಂಬಲಾರದವನಂತೆ ನನ್ನ ಮುಖ ನೋಡಿದ. ಅಂದು ರಾತ್ರಿ ನನಗೆ ಅವನ ಮೇಲೆ ಅಲ್ಲ, ನನ್ನ ಮೇಲೆಯೇ ಬೇಸರವಾಯಿತು. ನಾವು ಹಿರಿಯರು ಈ ಮಕ್ಕಳಿಗೆ ಡಾಕ್ಟರು, ಇಂಜಿನಿಯರು ಆಗಿ ಎಂದು ಹೇಳಿದ್ದೇವೆ. ಅದು ಸರಿಯೇ. ಆದರೆ ಈ ನಾಡಿನಲ್ಲಿ ನಿಮ್ಮ ಹಿರಿಯರು ಏನೇನು ಕಟ್ಟಿದರು, ಯಾರಿಗೆ ಕಲಿಸಿದರು, ಯಾರ ಕಣ್ಣಲ್ಲಿ ನೀರು ತರಿಸಿದರು ಎಂಬುದನ್ನು ಹೇಳಿದ್ದೇವೆಯೇ? ಆ ಹುಡುಗನ ಪ್ರಶ್ನೆಗೆ ಉತ್ತರವಾಗಿ ಈ ಲೇಖನ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ಸಂಗೀತದ ವಿಷಯದಲ್ಲಿ ನಮ್ಮ ಉಲೇಮಾಗಳಲ್ಲಿ ಹಿಂದಿನಿಂದಲೂ ಭಿನ್ನಾಭಿಪ್ರಾಯವಿದೆ. ವಾದ್ಯಗಳನ್ನು ಒಪ್ಪದವರಿದ್ದಾರೆ, ಷರತ್ತಿನೊಂದಿಗೆ ಒಪ್ಪಿದವರೂ ಇದ್ದಾರೆ. ಅದನ್ನು ತೀರ್ಮಾನಿಸುವ ಯೋಗ್ಯತೆ ನನಗಿಲ್ಲ. ನಾನು ಬರೆಯುತ್ತಿರುವುದು ಇತಿಹಾಸ. ಜೊತೆಗೆ ನನಗೆ ಪ್ರಿಯವಾದ ಕೆಲವು ನಾದಗಳ ನೆನಪು.

ನಗಿಸಿದ, ಅಳಿಸಿದ, ಮಲಗಿಸಿದ ಕಥೆ

ಸಂಗೀತ ಮನಸ್ಸಿನ ಮೇಲೆ ಏನು ಮಾಡುತ್ತದೆ ಎಂದು ಕುಳಿತು ಯೋಚಿಸಿದವರಲ್ಲಿ ಮುಸ್ಲಿಂ ವಿದ್ವಾಂಸರು ಮೊದಲ ಸಾಲಿನವರು. ಹತ್ತನೆಯ ಶತಮಾನದ ತತ್ವಜ್ಞಾನಿ ಅಲ್ ಫಾರಾಬಿ 'ಕಿತಾಬುಲ್ ಮೂಸೀಕಿಲ್ ಕಬೀರ್' ಎಂಬ ದೊಡ್ಡ ಗ್ರಂಥವನ್ನೇ ಬರೆದರು. ಸ್ವರಗಳ ನಡುವಿನ ಅಂತರ, ತಾಳದ ಲೆಕ್ಕ, ವಾದ್ಯಗಳ ರಚನೆ ಎಲ್ಲವೂ ಅದರಲ್ಲಿದೆ. ಅವರ ಬಗ್ಗೆ ಒಂದು ಹಳೆಯ ಕಥೆ ಉಂಟು. ಅಲೆಪ್ಪೋದ ದೊರೆ ಸೈಫುದ್ದೌಲನ ಸಭೆಯಲ್ಲಿ ಫಾರಾಬಿ ತಮ್ಮ ಚೀಲದಿಂದ ಕೆಲವು ಮರದ ತುಂಡುಗಳನ್ನು ತೆಗೆದು ಜೋಡಿಸಿ ನುಡಿಸಿದರಂತೆ, ಸಭೆಯೆಲ್ಲ ನಕ್ಕಿತಂತೆ. ಬಿಚ್ಚಿ ಬೇರೆ ರೀತಿ ಜೋಡಿಸಿ ನುಡಿಸಿದರಂತೆ, ಎಲ್ಲರೂ ಅತ್ತರಂತೆ. ಮೂರನೆಯ ಸಲ ನುಡಿಸಿದಾಗ ಬಾಗಿಲ ಕಾವಲಿನವನೂ ಸೇರಿ ಎಲ್ಲರೂ ನಿದ್ದೆ ಹೋದರಂತೆ, ಫಾರಾಬಿ ಎದ್ದು ಹೊರಟುಹೋದರಂತೆ. ಕಥೆ ಕಥೆಯೇ. ಆದರೆ ನಾದಕ್ಕೆ ಮನುಷ್ಯನ ಮೇಲೆ ಇರುವ ಹಿಡಿತವನ್ನು ಆ ಕಾಲದವರು ಎಷ್ಟು ಗಂಭೀರವಾಗಿ ಕಂಡಿದ್ದರು ಎಂಬುದು ಇದರಿಂದ ಗೊತ್ತಾಗುತ್ತದೆ.

ಇಮಾಂ ಗಝಾಲಿಯವರು (1058–1111) ತಮ್ಮ 'ಇಹ್ಯಾ ಉಲೂಮುದ್ದೀನ್' ಗ್ರಂಥದಲ್ಲಿ ಕೇಳುವಿಕೆ ಮತ್ತು ಅದರಿಂದ ಹುಟ್ಟುವ ತನ್ಮಯತೆಯ ಬಗ್ಗೆ ಒಂದು ಇಡೀ ಭಾಗವನ್ನು ಮೀಸಲಿಟ್ಟಿದ್ದಾರೆ. ಅವರ ವಾದದ ಸಾರ ಇಷ್ಟು: ನಾದವು ಮನಸ್ಸಿನಲ್ಲಿ ಇಲ್ಲದ್ದನ್ನು ತಂದು ಹಾಕುವುದಿಲ್ಲ, ಇರುವುದನ್ನು ಕದಲಿಸುತ್ತದೆ. ಒಳ್ಳೆಯದಿದ್ದರೆ ಒಳ್ಳೆಯದು ಮೇಲೆ ಬರುತ್ತದೆ, ಕೆಟ್ಟದ್ದಿದ್ದರೆ ಕೆಟ್ಟದ್ದು. 2011ರಲ್ಲಿ ಕೆನಡಾದ ಮಾಂಟ್ರಿಯಲ್‌ನ ವಿಜ್ಞಾನಿಗಳು ಪ್ರಿಯವಾದ ಸಂಗೀತ ಕೇಳುವಾಗ ಮಿದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕ ಹರಿಯುವುದನ್ನು ಅಳೆದು ತೋರಿಸಿದರು. ಮೈ ಜುಮ್ಮೆನ್ನುವ ಘಳಿಗೆಯಲ್ಲಿ ಮಾತ್ರವಲ್ಲ, ಆ ಘಳಿಗೆ ಈಗ ಬರುತ್ತದೆ ಎಂದು ಕಾಯುವಾಗಲೂ ಅದು ಹರಿಯುತ್ತದಂತೆ. ರಾಗದ ಆಲಾಪ ಕೇಳಿದವರಿಗೆ ಈ ಕಾಯುವಿಕೆ ಚೆನ್ನಾಗಿ ಗೊತ್ತು.

ಕಲಬುರಗಿಯಿಂದ ವಿಜಾಪುರಕ್ಕೆ

ಈಗ ನಮ್ಮ ನಾಡಿಗೆ ಬರೋಣ. ಸುಮಾರು 1400ರ ಹೊತ್ತಿಗೆ ದಿಲ್ಲಿಯಿಂದ ಕಲಬುರಗಿಗೆ ಬಂದು ನೆಲೆಸಿದ ಹಝ್ರತ್ ಖ್ವಾಜಾ ಬಂದೇನವಾಝ್ ಗೇಸುದರಾಝ್ ಅವರು ಚಿಶ್ತಿ ಪರಂಪರೆಯವರು. ಆ ಪರಂಪರೆಯಲ್ಲಿ 'ಸಮಾ', ಅಂದರೆ ದೇವಸ್ಮರಣೆಗಾಗಿ ಹಾಡು ಕೇಳುವುದು, ಒಂದು ಶಿಸ್ತು. ಯಾರು ಕೇಳಬೇಕು, ಎಲ್ಲಿ, ಯಾವ ಮನಸ್ಥಿತಿಯಲ್ಲಿ ಕೇಳಬೇಕು ಎಂಬುದಕ್ಕೆ ಅದರಲ್ಲಿ ಕಟ್ಟುಪಾಡುಗಳಿದ್ದವು. ಪಾರಸಿ ಹಾಡುಗಳಿಗಿಂತ ಈ ನೆಲದ ಹಿಂದವಿ ಹಾಡುಗಳು ಮೃದುವಾಗಿ ನೇರವಾಗಿ ಹೃದಯಕ್ಕೆ ಮುಟ್ಟುತ್ತವೆ ಎಂಬ ಅಭಿಪ್ರಾಯ ಅವರದಾಗಿತ್ತು. 1422ರಲ್ಲಿ ಅವರು ತೀರಿಕೊಂಡರು. ಅವರ ದರ್ಗಾಕ್ಕೆ ಇಂದಿಗೂ ಎಲ್ಲ ಮತದವರೂ ಬರುತ್ತಾರೆ.

ಇದಾಗಿ ಒಂದೂವರೆ ಶತಮಾನ ಕಳೆದ ಮೇಲೆ, 1580ರಲ್ಲಿ, ವಿಜಾಪುರದ ಗದ್ದುಗೆಯ ಮೇಲೆ ಒಂಬತ್ತು ವರ್ಷದ ಒಬ್ಬ ಹುಡುಗ ಕುಳಿತ. ಅವನೇ ಎರಡನೆಯ ಇಬ್ರಾಹೀಂ ಆದಿಲ್ ಶಾಹ. ಆರಂಭದಲ್ಲಿ ಅವನ ಪರವಾಗಿ ರಾಜ್ಯ ನೋಡಿಕೊಂಡವರಲ್ಲಿ ಪ್ರಸಿದ್ಧ ಚಾಂದ್ ಬೀಬಿಯೂ ಒಬ್ಬರು. ಈ ಹುಡುಗ ಬೆಳೆದು 1627ರವರೆಗೆ ಆಳಿದ. ಪಾಠಪುಸ್ತಕದಲ್ಲಿ ನೀವು ಅವನ ಹೆಸರನ್ನು ಇಬ್ರಾಹೀಂ ರೋಝಾ ಎಂಬ ಸುಂದರ ಕಟ್ಟಡದ ಜೊತೆ ಓದಿರುತ್ತೀರಿ. ಆದರೆ ಅವನ ಜೀವ ಇದ್ದದ್ದು ಸಂಗೀತದಲ್ಲಿ. ಜನ ಅವನನ್ನು 'ಜಗದ್ಗುರು' ಎಂದು ಕರೆದರು. ಒಬ್ಬ ಮುಸ್ಲಿಂ ಸುಲ್ತಾನನಿಗೆ ಜಗದ್ಗುರು ಎಂಬ ಬಿರುದು! ಅದು ನಮ್ಮ ಕರ್ನಾಟಕದಲ್ಲಿ ನಡೆದ ಸಂಗತಿ ಎಂಬುದನ್ನು ನೀವು ನೆನಪಿಡಬೇಕು.

ಇಬ್ರಾಹೀಂ ದಖನಿ ಭಾಷೆಯಲ್ಲಿ 'ಕಿತಾಬ್-ಎ-ನೌರಸ್' ಎಂಬ ಹಾಡುಗಳ ಪುಸ್ತಕ ರಚಿಸಿದ. ಅದರಲ್ಲಿ 59 ಹಾಡುಗಳೂ 17 ದ್ವಿಪದಿಗಳೂ ಇವೆ. ಹಾಡುಗಳನ್ನು ಭೂಪಾಲಿ, ಭೈರವ, ತೋಡಿ, ಮಲ್ಹಾರ್, ಕಲ್ಯಾಣ, ಕೇದಾರ ಮುಂತಾದ ರಾಗಗಳ ಕೆಳಗೆ ಜೋಡಿಸಿದ್ದಾನೆ. ಅವುಗಳಲ್ಲಿ ಸರಸ್ವತಿ, ಗಣಪತಿಯರ ವರ್ಣನೆ ಇದೆ, ಬಂದೇನವಾಝರ ಮೇಲಿನ ಭಕ್ತಿಯೂ ಇದೆ. ತಾಯಿಯ ಬಗ್ಗೆ, ಹೆಂಡತಿಯ ಬಗ್ಗೆ, ಆತಿಶ್ ಖಾನ್ ಎಂಬ ತನ್ನ ಪ್ರೀತಿಯ ಆನೆಯ ಬಗ್ಗೆ ಹಾಡಿದ್ದಾನೆ. ಎಲ್ಲಕ್ಕಿಂತ ಹೆಚ್ಚಾಗಿ ತನ್ನ ತಂಬೂರಿಯ ಬಗ್ಗೆ. ಆ ತಂಬೂರಿಗೆ ಅವನು ಒಂದು ಹೆಸರನ್ನೇ ಇಟ್ಟಿದ್ದ: ಮೋತಿ ಖಾನ್. ಮುತ್ತಿನಂಥವನು ಎಂದು. ವಾದ್ಯಕ್ಕೆ ಮನುಷ್ಯನ ಹೆಸರಿಟ್ಟು, ಮನೆಯ ಒಬ್ಬ ಸದಸ್ಯನಂತೆ ಕಂಡ ಅರಸ ಅವನು. ಅವನು ವಾದ್ಯ ನುಡಿಸುತ್ತಿರುವ ಆ ಕಾಲದ ಒಂದು ವರ್ಣಚಿತ್ರ ಇಂದು ದೂರದ ಪ್ರಾಗ್ ನಗರದ ವಸ್ತುಸಂಗ್ರಹಾಲಯದಲ್ಲಿದೆ.

ಅಕ್ಬರನ ದೂತನಾಗಿ ವಿಜಾಪುರಕ್ಕೆ ಬಂದಿದ್ದ ಅಸದ್ ಬೇಗ್ ತನ್ನ ಬರಹದಲ್ಲಿ, ಸುಲ್ತಾನ ಸಂಗೀತ ಕೇಳುವುದರಲ್ಲಿ ಎಷ್ಟು ಮುಳುಗಿದ್ದನೆಂದರೆ ಮಾತಿಗೆ ಉತ್ತರಿಸುವುದೂ ಅವನಿಗೆ ಕಷ್ಟವಾಗಿತ್ತು ಎಂದು ದಾಖಲಿಸಿದ್ದಾನೆ. ರಾಜತಾಂತ್ರಿಕನಿಗೆ ಅದು ವಿಚಿತ್ರವಾಗಿ ಕಂಡಿರಬೇಕು. ಒಳ್ಳೆಯ ರಾಗವನ್ನು ಒಮ್ಮೆ ಮನಸ್ಸಿಟ್ಟು ಕೇಳಿದವರಿಗೆ ವಿಚಿತ್ರವಾಗಿ ಕಾಣುವುದಿಲ್ಲ.

1599ರಲ್ಲಿ ಇಬ್ರಾಹೀಂ ವಿಜಾಪುರದ ಪಶ್ಚಿಮಕ್ಕೆ 'ನೌರಸಪುರ' ಎಂಬ ಹೊಸ ನಗರ ಕಟ್ಟಿಸಲು ಆರಂಭಿಸಿದ. ನೌರಸ್ ಎಂದರೆ ಒಂಬತ್ತು ರಸ, ಹೊಸ ರಸ ಎಂದೂ ಅರ್ಥವಾಗುತ್ತದೆ. ಸಂಗೀತಗಾರರಿಗೂ ಕಲಾವಿದರಿಗೂ ಅಲ್ಲಿ ನೆಲೆ ಸಿಗಬೇಕೆಂಬುದು ಅವನ ಆಸೆ. ಆದರೆ 1624ರಲ್ಲಿ ಅಹಮದನಗರದ ಮಲಿಕ್ ಅಂಬರನ ಸೇನೆ ಆ ನಗರವನ್ನು ಹಾಳುಗೆಡವಿತು. ಇಂದು ತೊರವಿಯ ಹತ್ತಿರ ಸಂಗೀತ ಮಹಲಿನ ಅವಶೇಷ ನಿಂತಿದೆ. ಗೋಲಗುಮ್ಮಟ ನೋಡಿ ಹಿಂದಿರುಗುವ ಶಾಲಾ ಪ್ರವಾಸದ ಬಸ್ಸುಗಳು ಅಲ್ಲಿಗೆ ಹೋಗುವುದು ಅಪರೂಪ. ನಿಮ್ಮ ಕಾಲೇಜಿನಿಂದ ವಿಜಾಪುರಕ್ಕೆ ಹೋದರೆ ದಯವಿಟ್ಟು ಆ ಒಂದು ಗಂಟೆಯನ್ನು ತೊರವಿಗೆ ಕೊಡಿ.

ಮೈಸೂರಿನ ಬಾಗಿಲು

ಆದಿಲ್ ಶಾಹಿ ಹೋಯಿತು, ಕಾಲ ಬದಲಾಯಿತು. ಉತ್ತರದ ಉಸ್ತಾದರಿಗೆ ದಕ್ಷಿಣದಲ್ಲಿ ಮತ್ತೆ ದೊಡ್ಡ ಬಾಗಿಲು ತೆರೆದದ್ದು ಮೈಸೂರು ಅರಮನೆ. ವೀಣೆ ಶೇಷಣ್ಣನವರಂಥ ಮಹಾ ವೈಣಿಕರಿದ್ದ ಆಸ್ಥಾನ ಅದು. ಅಲ್ಲಿಯೇ ಆಗ್ರಾ ಘರಾಣೆಯ ನತ್ಥನ್ ಖಾನರಿಗೂ, ಸಿತಾರ್ ವಾದಕ ಬರಕತುಲ್ಲಾ ಖಾನರಿಗೂ ಗೌರವದ ಸ್ಥಾನ ಸಿಕ್ಕಿತು. ಉಸ್ತಾದ್ ಫೈಯಾಝ್ ಖಾನರಿಗೆ 'ಆಫ್ತಾಬ್-ಎ-ಮೌಸೀಕಿ', ಅಂದರೆ ಸಂಗೀತದ ಸೂರ್ಯ, ಎಂಬ ಬಿರುದು ದೊರೆತದ್ದು ಮೈಸೂರಿನಿಂದಲೇ.

ಈ ಪಟ್ಟಿಯಲ್ಲಿ ಒಬ್ಬ ಮಹಿಳೆಯ ಹೆಸರನ್ನು ಬಿಡಬಾರದು. 1902ರಲ್ಲಿ ಕಲ್ಕತ್ತದಲ್ಲಿ ಗ್ರಾಮಫೋನ್ ಕಂಪನಿಯವರು ಭಾರತದ ಮೊದಲ ವಾಣಿಜ್ಯ ರೆಕಾರ್ಡುಗಳನ್ನು ಮಾಡಿದಾಗ ಹಾಡಿದ ಪ್ರಮುಖ ಗಾಯಕಿ ಗೌಹರ್ ಜಾನ್. ಹಾಡಿನ ಕೊನೆಯಲ್ಲಿ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳಿಬಿಡುತ್ತಿದ್ದರು. ರೆಕಾರ್ಡು ಯಾರದೆಂದು ಕಂಪನಿಯವರಿಗೆ ತಿಳಿಯಬೇಕಲ್ಲ! ಹತ್ತಾರು ಭಾಷೆಗಳಲ್ಲಿ ಹಾಡಿ, ಅಪಾರ ಹಣ ಗಳಿಸಿ, ಅದನ್ನೆಲ್ಲ ಕಳೆದುಕೊಂಡ ಅವರು ಕೊನೆಗೆ ಆಶ್ರಯ ಪಡೆದದ್ದು ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿ. 1928ರಲ್ಲಿ ಅರಮನೆಯ ಗಾಯಕಿಯಾಗಿ ನೇಮಕವಾದರು. 1930ರ ಜನವರಿ 17ರಂದು ಮೈಸೂರಿನಲ್ಲೇ ತೀರಿಕೊಂಡರು. ದೇಶಕ್ಕೆಲ್ಲ ಕೇಳಿಸಿದ ಮೊದಲ ಧ್ವನಿ ನಮ್ಮ ನೆಲದಲ್ಲಿ ಮೌನವಾಯಿತು.

ಒಂದು ರೆಕಾರ್ಡು, ಒಬ್ಬ ಹುಡುಗ

ಮೈಸೂರಿಗೆ ಹೋಗಿಬರುತ್ತಿದ್ದ ಉಸ್ತಾದರಲ್ಲಿ ಒಬ್ಬರು ಅಬ್ದುಲ್ ಕರೀಂ ಖಾನ್ (1872–1937). ಉತ್ತರ ಪ್ರದೇಶದ ಕೈರಾನಾ ಎಂಬ ಊರಿನವರು. ಕಿರಾನಾ ಘರಾಣೆ ಎಂಬ ಹೆಸರು ಆ ಊರಿನಿಂದ ಬಂದದ್ದು. ಅವರು ಮಿರಜದಲ್ಲಿ ನೆಲೆ ನಿಂತರು. ಮಿರಜದಿಂದ ಮೈಸೂರಿಗೆ ಹೋಗುವ ರೈಲು ದಾರಿಯಲ್ಲಿ ಧಾರವಾಡ, ಹುಬ್ಬಳ್ಳಿ, ಕುಂದಗೋಳ ಬರುತ್ತವೆ. ಈ ಪ್ರಯಾಣಗಳೇ ಉತ್ತರ ಕರ್ನಾಟಕದ ಸಂಗೀತದ ಹಣೆಬರಹ ಬದಲಿಸಿದವು.

ಕುಂದಗೋಳದ ನಾಡಿಗೇರ ವಾಡೆಯಲ್ಲಿ ಖಾನ್ ಸಾಹೇಬರು ತಂಗುತ್ತಿದ್ದರು. ಆ ಊರಿನ ರಾಮಭಾವು ಎಂಬ ಹುಡುಗ ಅವರ ಶಿಷ್ಯನಾದ. ಅವನೇ ಮುಂದೆ ಸವಾಯಿ ಗಂಧರ್ವ (1886–1952) ಎಂದು ಹೆಸರಾದ. ಸವಾಯಿ ಗಂಧರ್ವರ ಶಿಷ್ಯೆ ಗಂಗೂಬಾಯಿ ಹಾನಗಲ್ (1913–2009). ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಓಡಾಡಿ ಅವರು ಪಾಠ ಕಲಿತರು. ಬಾಲ್ಯದಲ್ಲಿ ಬೀದಿಯಲ್ಲಿ ಗ್ರಾಮಫೋನ್ ಕೇಳಿಸಿದರೆ ಆಟ ಬಿಟ್ಟು ಓಡುತ್ತಿದ್ದ ಹುಡುಗಿ ಅವರು.

ಮತ್ತೊಬ್ಬ ಶಿಷ್ಯನ ಕಥೆ ನಿಮಗೆ ಹೇಳಲೇಬೇಕು. ಗದಗಿನಲ್ಲಿ ಶಾಲಾ ಮಾಸ್ತರರ ಮಗನೊಬ್ಬನಿದ್ದ. ಒಂದು ದಿನ ಅಬ್ದುಲ್ ಕರೀಂ ಖಾನರ ರೆಕಾರ್ಡು ಕೇಳಿದ. ಝಿಂಝೋಟಿ ರಾಗದ ಠುಮ್ರಿ. ಆ ರೆಕಾರ್ಡಿನ ಒಂದು ಮಗ್ಗುಲು ಮೂರು ನಿಮಿಷದ ಮೇಲೆ ಓಡುವುದಿಲ್ಲ. ಆ ಮೂರು ನಿಮಿಷಕ್ಕೆ ಹುಡುಗನ ಜೀವನ ತಿರುಗಿಹೋಯಿತು. 1933ರಲ್ಲಿ, ಹನ್ನೊಂದನೆಯ ವಯಸ್ಸಿನಲ್ಲಿ, ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟ. ರೈಲುಗಳಲ್ಲಿ ಹಾಡಿ, ಹಸಿದು, ಗ್ವಾಲಿಯರ್, ರಾಂಪುರ, ಜಲಂಧರ್ ಎಲ್ಲ ಸುತ್ತಿದ. ಕೊನೆಗೆ ಗುರು ಸಿಕ್ಕಿದ್ದು ತನ್ನ ಊರಿನ ಹತ್ತಿರದ ಕುಂದಗೋಳದಲ್ಲಿ, ಅದೇ ಅಬ್ದುಲ್ ಕರೀಂ ಖಾನರ ಶಿಷ್ಯ ಸವಾಯಿ ಗಂಧರ್ವರ ರೂಪದಲ್ಲಿ. ಆ ಹುಡುಗ ಪಂಡಿತ ಭೀಮಸೇನ ಜೋಶಿ. 2008ರಲ್ಲಿ ಅವರಿಗೆ ಭಾರತರತ್ನ ಘೋಷಣೆಯಾಯಿತು. ಅದಕ್ಕೂ ಮೊದಲು, 2001ರಲ್ಲಿ, ಅದೇ ಗೌರವ ಬಿಸ್ಮಿಲ್ಲಾ ಖಾನರಿಗೆ ಸಂದಿತ್ತು.

ಧಾರವಾಡದ ಮಲ್ಲಿಕಾರ್ಜುನ ಮನಸೂರರ (1910–1992) ಕಥೆಯೂ ಹೀಗೆಯೇ. ಅವರ ಗುರುಗಳು ಜೈಪುರ ಘರಾಣೆಯ ಅಲ್ಲಾದಿಯಾ ಖಾನರ ಮಕ್ಕಳಾದ ಮಂಜಿ ಖಾನ್ ಮತ್ತು ಭುರ್ಜಿ ಖಾನ್. ಆ ಗುರುಗಳಿಂದ ಪಡೆದ ಗಾಯನದಲ್ಲಿಯೇ ಮನಸೂರರು ಬಸವಣ್ಣ, ಅಕ್ಕಮಹಾದೇವಿಯರ ವಚನಗಳನ್ನು ಹಾಡಿದರು. ಮುಸ್ಲಿಂ ಉಸ್ತಾದರ ವಿದ್ಯೆ, ಶರಣರ ಮಾತು. ಇದನ್ನು ಬಿಡಿಸಿ 'ಇದು ನಮ್ಮದು, ಇದು ಅವರದು' ಎಂದು ಹೇಳಲು ಸಾಧ್ಯವೇ?

ಕೊಡುಕೊಳ್ಳುವಿಕೆ ಎರಡೂ ಕಡೆಯಿಂದ ನಡೆಯಿತು. ಅಬ್ದುಲ್ ಕರೀಂ ಖಾನರು ಮೈಸೂರಿನಲ್ಲಿ ಕರ್ನಾಟಕ ಸಂಗೀತವನ್ನು ಶ್ರದ್ಧೆಯಿಂದ ಆಲಿಸಿದರು. ಸ್ವರಗಳನ್ನು ಹೆಸರು ಹಿಡಿದು ಹಾಡುವ 'ಸರಗಮ್' ಕ್ರಮವನ್ನು ತಮ್ಮ ಗಾಯನಕ್ಕೆ ತಂದುಕೊಂಡರು. ತ್ಯಾಗರಾಜರ ಖರಹರಪ್ರಿಯ ರಾಗದ ಕೃತಿಯೊಂದನ್ನು ರೆಕಾರ್ಡಿಗೂ ಹಾಡಿದರು. 1937ರ ಅಕ್ಟೋಬರ್ 27ರಂದು ಮದರಾಸಿನಿಂದ ಪಾಂಡಿಚೇರಿಗೆ ಹೋಗುವ ದಾರಿಯಲ್ಲಿ ಅವರಿಗೆ ಎದೆನೋವು ಕಾಣಿಸಿತು. ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ನಿಲ್ದಾಣದಲ್ಲಿ ಇಳಿದರು. ಪ್ಲಾಟ್‌ಫಾರಂ ಮೇಲೆ ಹಾಸಿಗೆ ಹಾಸಿಸಿ, ನಮಾಝ್ ಮಾಡಿ, ತಂಬೂರಿ ಶ್ರುತಿ ಮಾಡಿಸಿ, ದರ್ಬಾರಿ ರಾಗದಲ್ಲಿ ದೇವರನ್ನು ಸ್ಮರಿಸುತ್ತಾ ಪ್ರಾಣ ಬಿಟ್ಟರು ಎಂದು ಅವರ ಚರಿತ್ರೆ ಬರೆದವರು ಹೇಳುತ್ತಾರೆ. ಮಿರಜದ ಖ್ವಾಜಾ ಮೀರಾ ಸಾಹೇಬರ ದರ್ಗಾದ ಆವರಣದಲ್ಲಿ ಅವರ ಸಮಾಧಿ ಇದೆ.

ಧಾರವಾಡದ ಸಿತಾರ್ ಮನೆ

ಗಾಯನದಷ್ಟೇ ವಾದನಕ್ಕೂ ಧಾರವಾಡ ಹೆಸರಾಯಿತು. ಅದಕ್ಕೆ ಕಾರಣ 'ಸಿತಾರ ರತ್ನ' ರಹಿಮತ್ ಖಾನ್. ಅವರು ಪ್ರಸಿದ್ಧ ಬೀನಕಾರ ಬಂದೇ ಅಲಿ ಖಾನರ ಶಿಷ್ಯರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಧಾರವಾಡಕ್ಕೆ ಬಂದು ನೆಲೆಸಿದರು. ಬೀನಿನ ಗಂಭೀರ ನಾದವನ್ನು ಸಿತಾರಿನಲ್ಲಿ ತರಬೇಕೆಂದು ಅವರು ತಗ್ಗು ಸ್ವರದ ತಂತಿಗಳನ್ನು ಸೇರಿಸಿ ಜೋಡಣೆ ಬದಲಿಸಿದರು ಎಂಬುದು ಆ ಘರಾಣೆಯವರ ಮಾತು. ಅವರ ಮಗ ಅಬ್ದುಲ್ ಕರೀಂ ಖಾನ್ (ಕಿರಾನಾದ ಗಾಯಕರಲ್ಲ, ಅದೇ ಹೆಸರಿನ ಸಿತಾರ್ ವಾದಕರು). ಮೊಮ್ಮಗ ಉಸ್ತಾದ್ ಬಾಲೇ ಖಾನ್ (1942–2007). ಬಾಲೇ ಖಾನರು ಧಾರವಾಡ ಆಕಾಶವಾಣಿಯ ಕಲಾವಿದರಾಗಿ ಎಷ್ಟೋ ಮನೆಗಳಿಗೆ ಸಿತಾರ್ ತಲುಪಿಸಿದರು. ಅವರ ತಮ್ಮಂದಿರು, ಮಕ್ಕಳು ಇಂದಿಗೂ ಆ ವಿದ್ಯೆಯನ್ನು ನಡೆಸಿಕೊಂಡು ಬಂದಿದ್ದಾರೆ. ಅವರ ಬಳಿ ಕಲಿತವರಲ್ಲಿ ಯಾವ ಜಾತಿ ಮತದವರು ಇಲ್ಲ ಎಂದು ಕೇಳುವುದೇ ಸುಲಭ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನೂ ತಿದ್ದಬೇಕು. ಸಿತಾರನ್ನು ಕಂಡುಹಿಡಿದದ್ದು ಹಝ್ರತ್ ಅಮೀರ್ ಖುಸ್ರೋ (1253–1325) ಎಂದು ನಾವು ಅಭಿಮಾನದಿಂದ ಹೇಳುತ್ತೇವೆ. ಭಾಷಣಗಳಲ್ಲಿ ನಾನೂ ಹೇಳಿದ್ದೇನೆ. ಅವರ ಬರಹಗಳಲ್ಲಾಗಲಿ ಆ ಕಾಲದ ದಾಖಲೆಗಳಲ್ಲಾಗಲಿ ಇದಕ್ಕೆ ಆಧಾರವಿಲ್ಲ. ಸಿತಾರ್ ರೂಪ ತಾಳಿದ್ದು ಹದಿನೆಂಟನೆಯ ಶತಮಾನದ ದಿಲ್ಲಿಯಲ್ಲಿ, ಖುಸ್ರೋ ಖಾನ್ ಎಂಬ ಬೇರೊಬ್ಬ ಸಂಗೀತಗಾರನ ಕೈಯಲ್ಲಿ ಎಂದು ಸಂಶೋಧಕರು ಹೇಳುತ್ತಾರೆ. ಇತಿಹಾಸ ನಮಗೆ ನಿಜವಾಗಿ ಕೊಟ್ಟಿರುವುದೇ ಬೇಕಾದಷ್ಟಿದೆ. ಇಲ್ಲದ್ದನ್ನು ಸೇರಿಸುವ ಅಗತ್ಯವಿಲ್ಲ.

ಖಡ್ಗ ಬಿಟ್ಟು ತಂತಿ ಹಿಡಿದವರು

ಈ ವಾದ್ಯಗಳನ್ನು ಮಾಡಿದವರು ಯಾರು? ಮಿರಜದ ಶಿಕಲಗಾರರು. ಖಡ್ಗ, ಭರ್ಚಿಗಳಿಗೆ ಸಾಣೆ ಹಿಡಿದು ಹೊಳಪು ಕೊಡುತ್ತಿದ್ದ ಮುಸ್ಲಿಂ ಕಸುಬುದಾರರು. ಬ್ರಿಟಿಷರ ಕಾಲದಲ್ಲಿ ಸಂಸ್ಥಾನಗಳ ಸೈನ್ಯ ಇಲ್ಲವಾಗಿ, ಖಡ್ಗಕ್ಕೆ ಕೆಲಸವಿಲ್ಲದಾಯಿತು. ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಫರೀದ್ ಸಾಹೇಬ್ ಎಂಬ ಕುಶಲಕರ್ಮಿ ಕೆಟ್ಟ ವಾದ್ಯಗಳನ್ನು ರಿಪೇರಿ ಮಾಡಲು ಆರಂಭಿಸಿ, ಆಮೇಲೆ ತಾವೇ ತಂಬೂರಿ, ಸಿತಾರ್ ತಯಾರಿಸಿದರು. ಅವರ ಮನೆತನಕ್ಕೆ 'ಸಿತಾರ್‌ಮೇಕರ್' ಎಂಬ ಅಡ್ಡಹೆಸರೇ ಬಂತು. ಪಂಢರಪುರದ ಸುತ್ತಲ ಹೊಲಗಳಲ್ಲಿ ಬೆಳೆಯುವ ದೊಡ್ಡ ಸೋರೆಯನ್ನು ತಂದು, ತಿಂಗಳುಗಟ್ಟಲೆ ಒಣಗಿಸಿ, ಒಳಗಿನದನ್ನು ಕೆರೆದು, ತೂನ್ ಮರದ ಕೊರಳನ್ನು ಕೂಡಿಸುತ್ತಾರೆ. 2024ರಲ್ಲಿ ಮಿರಜದ ಸಿತಾರ್ ಮತ್ತು ತಂಬೂರಿಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಕಸುಬು ಹೋಯಿತೆಂದು ಕೈಕಟ್ಟಿ ಕೂರದೆ, ಅದೇ ಕೈಚಳಕವನ್ನು ಬೇರೆ ದಾರಿಗೆ ತಿರುಗಿಸಿದವರ ಈ ಉದಾಹರಣೆ ನಮ್ಮ ಯುವಕರಿಗೆ ಪಾಠ.

ಈಗ ನನ್ನದೇ ಒಂದು ತಪ್ಪು ಹೇಳಿಕೊಳ್ಳಬೇಕು. ನಮ್ಮ ಅಬ್ಬಾ ಮಿಲ್ಲಿನಲ್ಲಿ ಕೆಲಸ ಮಾಡುತ್ತಿದ್ದವರು. ಮದುವೆಗೆ ಮುಂಚೆ ಹುಬ್ಬಳ್ಳಿಯಲ್ಲಿದ್ದಾಗ ಕೊಂಡಿದ್ದ ಒಂದು ಮಿರಜದ ಸಿತಾರ್ ಅವರ ಬಳಿ ಇತ್ತು. ಹಳೆಯ ಬೆಡ್‌ಶೀಟು ಸುತ್ತಿ ಗೋಡೆಗೆ ತೂಗುಹಾಕಿರುತ್ತಿದ್ದರು. ರಾತ್ರಿ ಪಾಳಿ ಇಲ್ಲದ ದಿನ ಇಶಾ ಮುಗಿಸಿ ಬಂದು ಅರ್ಧ ಗಂಟೆ ಮೀಟುತ್ತಿದ್ದರು. ಅವರಿಗೆ ನಾಲ್ಕೋ ಐದೋ ರಾಗ ಬರುತ್ತಿತ್ತು, ಅಷ್ಟೇ. ಆದರೆ ಅವರು ಯಮನ್ ನುಡಿಸಿದರೆ ಅಮ್ಮಿ ಅಡುಗೆಮನೆಯ ಕೆಲಸ ನಿಲ್ಲಿಸಿ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಅಬ್ಬಾ ತೀರಿಕೊಂಡ ಮೇಲೆ, 1986ರಲ್ಲಿ ಮನೆ ಒಡೆದು ಕಟ್ಟಿಸುವಾಗ, ಜಾಗವಿಲ್ಲ ಎಂದು ನಾನು ಆ ಸಿತಾರನ್ನು ಹಳೆ ಸಾಮಾನಿನ ಜೊತೆ ಗುಜರಿಯವನಿಗೆ ಕೊಟ್ಟುಬಿಟ್ಟೆ. ಬುರುಡೆ ಒಂದು ಕಡೆ ಬಿರುಕು ಬಿಟ್ಟಿತ್ತು. ಅಮ್ಮಿ ಏನೂ ಹೇಳಲಿಲ್ಲ. ಎಷ್ಟೋ ವರ್ಷದ ನಂತರ ಮಿರಜದ ಒಂದು ಅಂಗಡಿಯಲ್ಲಿ, ಅಂಥದ್ದೇ ಬಿರುಕನ್ನು ಒಬ್ಬ ವಯಸ್ಸಾದ ಕಾರಿಗರ್ ಕೂಡಿಸುತ್ತಿರುವುದನ್ನು ನೋಡಿದೆ. ಒಂದು ವಾರದ ಕೆಲಸ ಎಂದರು. ಅಂಗಡಿಯ ಹೊರಗೆ ಬಂದು ಬಹಳ ಹೊತ್ತು ನಿಂತಿದ್ದೆ.

ಆ ಹುಡುಗನಿಗೆ ಗೊತ್ತಿಲ್ಲದ್ದು ಅವನ ತಪ್ಪಲ್ಲ ಎಂದು ಮೊದಲೇ ಹೇಳಿದೆನಲ್ಲ, ಅದು ಈ ಕಾರಣಕ್ಕೆ. ಮನೆಯಲ್ಲಿ ಇದ್ದದ್ದನ್ನು ಕಳೆದವನು ನಾನು.

ಹೇಗೆ ಕೇಳಬೇಕು?

"ನಮಗೆ ಅರ್ಥವಾಗುವುದಿಲ್ಲ, ಬಹಳ ನಿಧಾನ" ಎಂದು ವಿದ್ಯಾರ್ಥಿಗಳು ಹೇಳುತ್ತಾರೆ. ಅರ್ಥ ಮಾಡಿಕೊಳ್ಳಲು ಹೋಗಬೇಡಿ, ಮೊದಲು ಕೇಳಿ. ನನಗೆ ಪ್ರಿಯವಾದ ಕೆಲವನ್ನು ಹೇಳುತ್ತೇನೆ.

ಮೊದಲು ಅಬ್ದುಲ್ ಕರೀಂ ಖಾನರ ಆ ಝಿಂಝೋಟಿ. ಹಳೆಯ ರೆಕಾರ್ಡು, ಗರಗರ ಸದ್ದಿದೆ. ಅದರ ಹಿಂದೆ ತೆಳ್ಳಗಿನ, ನೋವು ತುಂಬಿದ ಒಂದು ಧ್ವನಿ. ಸ್ವರದ ಮೇಲೆ ಬಲ ಹಾಕುವುದಿಲ್ಲ, ನೇವರಿಸುತ್ತದೆ. ಮೂರೇ ನಿಮಿಷ. ಒಬ್ಬ ಹನ್ನೊಂದು ವರ್ಷದ ಹುಡುಗ ಇದಕ್ಕಾಗಿ ಮನೆ ಬಿಟ್ಟದ್ದು ಏಕೆ ಎಂದು ನಿಮಗೆ ಹೊಳೆಯಬಹುದು.

ಎರಡನೆಯದು ಬಿಸ್ಮಿಲ್ಲಾ ಖಾನರ ಶಹನಾಯಿ. ಮದುವೆಯ ಬಾಗಿಲಲ್ಲಿದ್ದ ವಾದ್ಯವನ್ನು ಕಛೇರಿಯ ವೇದಿಕೆಗೆ ತಂದವರು ಅವರು. 1947ರ ಆಗಸ್ಟಿನಲ್ಲಿ ಸ್ವಾತಂತ್ರ್ಯದ ಸಂಭ್ರಮಕ್ಕೆ ದಿಲ್ಲಿಯ ಕೆಂಪುಕೋಟೆಯಲ್ಲಿ ಅವರ ಶಹನಾಯಿ ಮೊಳಗಿತು. ಕನ್ನಡಿಗರಿಗೆ ಅವರು ಹೊಸಬರಲ್ಲ. ಕೃಷ್ಣಮೂರ್ತಿ ಪುರಾಣಿಕರ ಕಾದಂಬರಿ ಆಧರಿಸಿದ, ಡಾ. ರಾಜ್‌ಕುಮಾರ್ ನಟಿಸಿದ 'ಸನಾದಿ ಅಪ್ಪಣ್ಣ' (1977) ಚಿತ್ರದಲ್ಲಿ ನೀವು ಕೇಳುವ ಶಹನಾಯಿ ಬಿಸ್ಮಿಲ್ಲಾ ಖಾನರದ್ದು. ಪರದೆಯ ಮೇಲೆ ರಾಜ್‌ಕುಮಾರರ ಕೈ, ಅದರ ಹಿಂದೆ ಖಾನ್ ಸಾಹೇಬರ ಉಸಿರು. ಶಹನಾಯಿಯ ದುಃಖ ಮನುಷ್ಯನ ಅಳುವಿಗೆ ಅಷ್ಟು ಹತ್ತಿರವಾಗುವುದು ಅದು ಉಸಿರಿನ ವಾದ್ಯವಾದ್ದರಿಂದ.

ದಕ್ಷಿಣದಲ್ಲಿ ಅದೇ ಬಗೆಯ ವಾದ್ಯ ನಾಗಸ್ವರ. ಅದರಲ್ಲಿ ಷೇಕ್ ಚಿನ್ನ ಮೌಲಾನಾ (1924–1999) ಅವರನ್ನು ಕೇಳಿ. ಆಂಧ್ರದಲ್ಲಿ ಹುಟ್ಟಿ ಶ್ರೀರಂಗದಲ್ಲಿ ನೆಲೆಸಿದ ಈ ಮುಸ್ಲಿಂ ವಿದ್ವಾಂಸರಿಗೆ ಮದರಾಸಿನ ಸಂಗೀತ ಅಕಾಡೆಮಿ 1998ರಲ್ಲಿ 'ಸಂಗೀತ ಕಲಾನಿಧಿ' ಬಿರುದು ನೀಡಿತು.

ನಾಲ್ಕನೆಯದು ಬಾಲೇ ಖಾನರ ಸಿತಾರ್. ತಂತಿಯನ್ನು ಮೀಟಿದ ಮೇಲೆ ಬೆರಳಿನಿಂದ ಪಕ್ಕಕ್ಕೆ ಎಳೆದು ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಿಸುತ್ತಾರೆ. ಅದಕ್ಕೆ 'ಮೀಂಡ್' ಎನ್ನುತ್ತಾರೆ. ಗಾಯಕನ ಕೊರಳಿನಿಂದ ಕಲಿತ ವಿದ್ಯೆ ಅದು. ಮೊದಲು ತಾಳವಿಲ್ಲದೆ ನಿ��ಾನವಾಗಿ ರಾಗವನ್ನು ಪರಿಚಯಿಸುವ ಆಲಾಪ, ಆಮೇಲೆ ಲಯ ಹುಟ್ಟುವ ಜೋಡ್, ಕೊನೆಗೆ ವೇಗದ ಝಾಲಾ. ಆಲಾಪವನ್ನು ಹಾರಿಸಿ ಝಾಲಾಕ್ಕೆ ಹೋಗಬೇಡಿ. ಕಾಯದವನಿಗೆ ಝಾಲಾ ಬರೀ ಸದ್ದು.

ಐದನೆಯದು ಪಂಡಿತ ರಾಜೀವ ತಾರಾನಾಥರ ಸರೋದ್. 1932ರಲ್ಲಿ ನಮ್ಮ ಬೆಂಗಳೂರಿನಲ್ಲಿ ಹುಟ್ಟಿದ ಅವರು ಇಂಗ್ಲಿಷ್ ಸಾಹಿತ್ಯದ ಪ್ರಾಧ್ಯಾಪಕರಾಗಿದ್ದವರು. ಬೆಂಗಳೂರಿನಲ್ಲಿ ಉಸ್ತಾದ್ ಅಲಿ ಅಕ್ಬರ್ ಖಾನರ ಸರೋದ್ ಕೇಳಿ, ಇದನ್ನೇ ಕಲಿಯಬೇಕೆಂದು ನಿಶ್ಚಯಿಸಿ ಕಲ್ಕತ್ತಕ್ಕೆ ಹೋದರು. 2024ರಲ್ಲಿ ಮೈಸೂರಿನಲ್ಲಿ ತೀರಿಕೊಳ್ಳುವವರೆಗೂ ತಮ್ಮ ಉಸ್ತಾದರ ಹೆಸರನ್ನು ಹೇಳುವಾಗ ಅವರ ದನಿಯಲ್ಲಿ ಭಕ್ತಿ ಇರುತ್ತಿತ್ತು. ಒಂದು ಕಛೇರಿ ಒಬ್ಬ ಮನುಷ್ಯನ ದಾರಿಯನ್ನೇ ತಿರುಗಿಸಿದ ಮತ್ತೊಂದು ನಿದರ್ಶನ ಇದು.

ಬೆಂಗಳೂರಿನ ಪಶ್ಚಿಮ ಭಾಗದಲ್ಲಿರುವ ನಮಗೆ ಕಛೇರಿಗಳೂ ದೂರವಲ್ಲ. ಚಾಮರಾಜಪೇಟೆಯಲ್ಲಿ 1939ರಿಂದ ನಡೆದುಬಂದಿರುವ ರಾಮಸೇವಾ ಮಂಡಳಿಯ ಸಂಗೀತೋತ್ಸವ ಇದೆ. ಮಲ್ಲೇಶ್ವರದ ಹತ್ತಿರ ಪಿಟೀಲಿನ ಆಕಾರದಲ್ಲಿ ಕಟ್ಟಿದ ಚೌಡಯ್ಯ ಸ್ಮಾರಕ ಭವನ ಇದೆ. ಒಂದು ಸಂಜೆ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತು ನೋಡಿ.

ಕೊನೆಯ ಮಾತು

ಇದನ್ನೆಲ್ಲ ಬರೆದದ್ದು ಎಲ್ಲರೂ ಸಿತಾರ್ ಕಲಿಯಿರಿ ಎಂದಲ್ಲ. ಈ ನಾಡಿನ ಸಂಗೀತದ ಮನೆಗೆ ನಾವು ಅತಿಥಿಗಳಲ್ಲ, ಅದರ ಕಂಬಗಳಲ್ಲಿ ಕೆಲವನ್ನು ನೆಟ್ಟವರು ನಮ್ಮ ಹಿರಿಯರು. ಅದನ್ನು ತಿಳಿದವನು ಯಾರ ಮುಂದೆಯೂ ಕುಗ್ಗುವುದಿಲ್ಲ, ಯಾರ ಮೇಲೂ ಹಗೆ ಸಾಧಿಸುವುದಿಲ್ಲ. ಏಕೆಂದರೆ ಆ ಹಿರಿಯರು ಒಬ್ಬರೇ ಕುಳಿತು ಕಟ್ಟಲಿಲ್ಲ. ಕುಂದಗೋಳದ ವಾಡೆಯ ಯಜಮಾನರು ಜಾಗ ಕೊಟ್ಟರು, ಮೈಸೂರಿನ ಒಡೆಯರು ಅನ್ನ ಕೊಟ್ಟರು, ರಾಮಭಾವು, ಗಂಗೂಬಾಯಿ, ಭೀಮಸೇನ, ಮಲ್ಲಿಕಾರ್ಜುನರು ಶಿಷ್ಯರಾಗಿ ತಮ್ಮ ಆಯುಷ್ಯವನ್ನೇ ಕೊಟ್ಟರು.

ವಿದ್ಯಾರ್ಥಿ ಮಿತ್ರರಲ್ಲಿ ನನ್ನದೊಂದು ಚಿಕ್ಕ ಕೋರಿಕೆ. ಇಂದು ಮನೆಗೆ ಹೋದಾಗ ನಿಮ್ಮ ಅಜ್ಜ, ಅಜ್ಜಿಯನ್ನು ಕೇಳಿ: ನೀವು ಚಿಕ್ಕವರಿದ್ದಾಗ ಮನೆಯಲ್ಲಿ ಯಾವ ಹಾಡು ಕೇಳುತ್ತಿತ್ತು? ರೇಡಿಯೋದಲ್ಲಿ ಯಾರು ಬರುತ್ತಿದ್ದರು? ಮೊಹರಂನಲ್ಲಿ ಯಾವ ರಿವಾಯತ್ ಹಾಡುತ್ತಿದ್ದರು? ಊರಲ್ಲಿ ವಾದ್ಯ ನುಡಿಸುವವರು ಯಾರಿದ್ದರು? ಅವರು ಹೇಳಿದ್ದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ, ಮೊಬೈಲಿನಲ್ಲಿ ಅವರ ದನಿಯನ್ನೇ ತುಂಬಿಡಿ. ಅಟ್ಟದ ಮೇಲೆ ಬಟ್ಟೆ ಸುತ್ತಿದ ಹಳೆಯ ವಾದ್ಯ ಏನಾದರೂ ಇದ್ದರೆ, ಗುಜರಿಯವನನ್ನು ಕರೆಯುವ ಮೊದಲು ಒಮ್ಮೆ ಬಿಚ್ಚಿ ನೋಡಿ.

ಆ ಪಿಯುಸಿ ಹುಡುಗ ಆಮೇಲೂ ನಮ್ಮ ಮನೆಗೆ ಬರುತ್ತಿದ್ದಾನೆ. ಲೆಕ್ಕ ಮುಗಿದ ಮೇಲೆ ಹತ್ತು ನಿಮಿಷ ಕೂರುತ್ತಾನೆ. ಮೊನ್ನೆ ಬಂದವನು, "ಚಾಚಾ, ನಿಮ್ಮ ಅಬ್ಬಾ ನುಡಿಸುತ್ತಿದ್ದರಲ್ಲ, ಆ ಯಮನ್ ಹಾಕಿ" ಎಂದ. ಹಾಕಿದೆ. ಆಲಾಪ ಮುಗಿಯುವವರೆಗೆ ಇಬ್ಬರೂ ಮಾತಾಡಲಿಲ್ಲ.